‘ಸೌಂಡ್’ ಒಂದೇ ಪದವೋ, ನಾಲ್ಕು ಪದಗಳೋ?

ಪ್ರಶ್ನೆ (ಕರಡುಪ್ರತಿ)

ಹಳೆಯ ಸಮುದ್ರಯಾನದ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ನಾವಿಕರು ‘ಸೌಂಡ್’ ಮಾಡಿದರು, ಇಪ್ಪತ್ತು ಫ್ಯಾದಮ್ ಸಿಕ್ಕಿತು ಎಂದು ಬರುತ್ತದೆ. ನಾನು ಹೆಚ್ಚು ಯೋಚಿಸದೆ ‘ನಾವಿಕರು ಕೂಗು ಹಾಕಿದರು, ಆ ಸದ್ದು ಇಪ್ಪತ್ತು ಮಾರು ದೂರ ಕೇಳಿಸಿತು’ ಎಂದು ಬರೆದೆ. ಕರಡು ತಿದ್ದಿದವರು ಅಂಚಿನಲ್ಲಿ ‘ಇಲ್ಲಿ ಯಾರೂ ಕೂಗಿಲ್ಲ’ ಎಂದಷ್ಟೇ ಗುರುತು ಹಾಕಿ ಹಿಂದಿರುಗಿಸಿದ್ದಾರೆ. ನಿಘಂಟು ತೆರೆದು ನೋಡಿದರೆ ಸದ್ದು, ಗಟ್ಟಿಮುಟ್ಟಾದದ್ದು, ಜಲಸಂಧಿ, ಆಳ ಅಳೆಯುವುದು ಎಂಬ ಅರ್ಥಗಳು ಒಂದೇ ಪದದ ಕೆಳಗಿಲ್ಲ. ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟು, ಬೇರೆ ಬೇರೆ ಪದಗಳೆಂಬಂತೆ ನಮೂದಿಸಿದ್ದಾರೆ. ನೀರಿನೊಳಕ್ಕೆ ಸದ್ದು ಕಳುಹಿಸಿ ಆಳ ಅಳೆಯುವುದರಿಂದಲೇ ಆ ಅರ್ಥ ಹುಟ್ಟಿರಬೇಕು ಎಂಬುದು ನನ್ನ ಊಹೆ. ಹಾಗಿದ್ದರೆ ಇದು ಒಂದೇ ಪದದ ನಾನಾರ್ಥವಾಗಬೇಕಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಪದಮೂಲ)

ನಿಘಂಟು ಸರಿಯಾಗಿದೆ, ತಮ್ಮ ಊಹೆ ತಪ್ಪಾಗಿದೆ. ಒಂದು ಪದದ ಅರ್ಥ ಕವಲೊಡೆಯುವುದು ಬೇರೆ, ಸಂಬಂಧವೇ ಇಲ್ಲದ ಪದಗಳು ಉಚ್ಚಾರಣೆ ಸವೆದು ಒಂದೇ ರೂಪಕ್ಕೆ ಬಂದು ನಿಲ್ಲುವುದು ಬೇರೆ. ತಾವೇ ಬಳಸಿರುವ ‘ಮಾರು’ ಎಂಬ ಪದವನ್ನು ನೋಡಿ: ಚಾಚಿದ ಎರಡು ಕೈಗಳ ಅಳತೆಯೂ ಮಾರು, ವಿಕ್ರಯ ಮಾಡುವುದೂ ಮಾರು. ಒಂದರಿಂದ ಇನ್ನೊಂದನ್ನು ಹುಟ್ಟಿಸಲು ಯಾರೂ ಹೊರಡುವುದಿಲ್ಲ.

ಸದ್ದು ಎಂಬ ಅರ್ಥದ ಸೌಂಡ್ ಲ್ಯಾಟಿನ್ನಿನ ‘ಸೋನುಸ್’ ಎಂಬ ಪದದಿಂದ ಹೊರಟು, ಫ್ರೆಂಚಿನ ಮೂಲಕ ‘ಸೂನ್’ ಆಗಿ ಇಂಗ್ಲಿಷಿಗೆ ಬಂತು. ಕೊನೆಯ ‘ಡ್’ ಮೂಲದಲ್ಲಿ ಇರಲೇ ಇಲ್ಲ. ‘ನ್’ ಉಚ್ಚರಿಸಿ ಮುಗಿಸುವಾಗ, ನಾಲಗೆ ಮೇಲಿನಿಂದ ಬಿಡುವ ಮೊದಲೇ ಮೂಗಿನ ದಾರಿ ಮುಚ್ಚಿಕೊಂಡರೆ ತಾನಾಗಿಯೇ ಒಂದು ‘ಡ್’ ಕೇಳಿಸುತ್ತದೆ. ತಾವೂ ನಿಧಾನವಾಗಿ ಹೇಳಿ ನೋಡಬಹುದು. 14ರಿಂದ 16ನೆಯ ಶತಮಾನದ ನಡುವೆ ಅದು ಬರವಣಿಗೆಯಲ್ಲಿಯೂ ನೆಲೆಯಾಯಿತು. ಗುಡುಗನ್ನು ಸೂಚಿಸುವ ‘ಥಂಡರ್’ ಪದದ ‘ಡ’ಕಾರವೂ ಹೀಗೆಯೇ ನುಸುಳಿದ್ದು, ಹಳೆಯ ಇಂಗ್ಲಿಷಿನಲ್ಲಿ ಅದು ‘ಥುನೋರ್’ ಆಗಿತ್ತು. ಈ ಬಾಲ ಅಂಟಿಕೊಳ್ಳದೇ ಹೋಗಿದ್ದರೆ ತಮಗೆ ಈ ಗೊಂದಲದ ಬಹುಭಾಗ ಉಂಟಾಗುತ್ತಲೇ ಇರಲಿಲ್ಲ.

ಗಟ್ಟಿಮುಟ್ಟು, ಆರೋಗ್ಯ ಎಂಬ ಅರ್ಥದ್ದು ಅಪ್ಪಟ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಮೊದಲಾದವು ಸೇರಿದ ಭಾಷಾಕುಟುಂಬ) ಮೂಲದ ಪದ. ಹಳೆಯ ಇಂಗ್ಲಿಷಿನ ‘ಗೆಸುಂಡ್’ ಮುಂದಿನ ‘ಗೆ’ ಕಳೆದುಕೊಂಡು ಇಂದಿನ ರೂಪಕ್ಕೆ ಬಂದಿದೆ. ಜರ್ಮನ್ ಭಾಷೆಯಲ್ಲಿ ‘ಗೆಸುಂಡ್’ ಎಂದರೆ ಇಂದಿಗೂ ಆರೋಗ್ಯವಂತ ಎಂದೇ ಅರ್ಥ. ಸೀನಿದವರಿಗೆ ‘ಗೆಸುಂಡ್‌ಹೈಟ್’ ಎನ್ನುವುದು ಅದರಿಂದಲೇ. ಉಯಿಲುಗಳಲ್ಲಿ ಬರುವ ‘ಸೌಂಡ್ ಮೈಂಡ್’ ಎಂಬುದು ಸ್ವಸ್ಥಚಿತ್ತವೇ ಹೊರತು ಸದ್ದು ಮಾಡುವ ಮನಸ್ಸಲ್ಲ. ‘ಸೌಂಡ್ ಸ್ಲೀಪ್’ ಎಂಬುದನ್ನು ಗೊರಕೆ ಎಂದು ಅನುವಾದಿಸಿದ್ದನ್ನೂ ನಾನು ಒಮ್ಮೆ ಓದಿದ್ದೇನೆ.

ಜಲಸಂಧಿಯ ಅರ್ಥಕ್ಕೆ ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನ ‘ಸುಂಡ್’ ಆಧಾರ. ಆ ಪದಕ್ಕೆ ಈಜು ಎಂಬ ಅರ್ಥವೂ ಇತ್ತು; ಇಂಗ್ಲಿಷಿನ ‘ಸ್ವಿಮ್’ ಇದರ ಬಂಧು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್ ಜಲಸಂಧಿಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಇಂಗ್ಲಿಷರು ಅದನ್ನು ಬರಿದೇ ‘ದ ಸೌಂಡ್’ ಎನ್ನುತ್ತಿದ್ದರು, ಅಲ್ಲಿ ಹಾದುಹೋಗುವ ಹಡಗುಗಳಿಂದ ಡೆನ್ಮಾರ್ಕ್ 1857ರವರೆಗೆ ವಸೂಲು ಮಾಡಿದ ಸುಂಕಕ್ಕೆ ‘ಸೌಂಡ್ ಸುಂಕ’ ಎಂದೇ ಹೆಸರಾಯಿತು. ಚರಿತ್ರೆಯ ಪುಸ್ತಕ ಅನುವಾದಿಸುವವರು ಅದನ್ನು ಶಬ್ದಮಾಲಿನ್ಯದ ದಂಡ ಎಂದು ಭಾವಿಸದಿದ್ದರೆ ಸಾಕು.

ಉತ್ತರ 2 (ನೀರಿನ ಆಳ)

ಮೇಲಿನವರು ನಾಲ್ಕನೆಯದನ್ನು ಬಿಟ್ಟಿದ್ದಾರೆ, ಪ್ರಶ್ನೆ ಇರುವುದು ಅದರ ಬಗ್ಗೆಯೇ. ಆಳ ಅಳೆಯುವ ಅರ್ಥದ ಸೌಂಡ್ ಫ್ರೆಂಚಿನ ‘ಸೋಂದೆ’ ಎಂಬ ಕ್ರಿಯಾಪದದಿಂದ ಬಂದದ್ದು, ಆ ಕೆಲಸದಲ್ಲಿ ಸದ್ದಿಗೆ ಪಾತ್ರವೇ ಇರಲಿಲ್ಲ. ನಾವಿಕನು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಇಳಿಬಿಡುತ್ತಿದ್ದನು. ಹಗ್ಗಕ್ಕೆ ಅಲ್ಲಲ್ಲಿ ಚರ್ಮದ ತುಂಡು, ಬಟ್ಟೆಯ ಚೂರು ಹೆಣೆದಿರುತ್ತಿದ್ದುದರಿಂದ ಕತ್ತಲಲ್ಲಿಯೂ ಕೈಯಿಂದ ಮುಟ್ಟಿ ಎಷ್ಟು ಮಾರು ಇಳಿದಿದೆ ಎಂದು ಹೇಳಬಹುದಾಗಿತ್ತು. ಗುಂಡಿನ ತಳದ ಗುಳಿಗೆ ಕೊಬ್ಬು ಮೆತ್ತಿದ್ದರೆ ಮರಳೋ ಕೆಸರೋ ಕಪ್ಪೆಚಿಪ್ಪಿನ ಚೂರೋ ಅಂಟಿಕೊಂಡು ಮೇಲೆ ಬರುತ್ತಿತ್ತು, ಅನುಭವಿಗಳು ಅದನ್ನು ನೋಡಿಯೇ ತಾವಿರುವ ಜಾಗವನ್ನು ಅಂದಾಜು ಮಾಡುತ್ತಿದ್ದರು. ಸಮುದ್ರ ಸಂಶೋಧನೆಗೆ ಹೊರಟಿದ್ದ ಬ್ರಿಟನ್ನಿನ ಚಾಲೆಂಜರ್ ಹಡಗು 1875ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಬಳಿ 4,475 ಫ್ಯಾದಮ್ ಆಳ ಕಂಡದ್ದೂ ಹಗ್ಗ ಇಳಿಬಿಟ್ಟೇ. ಸದ್ದಿನ ಪ್ರತಿಧ್ವನಿಯಿಂದ ಆಳ ಅಳೆಯುವ ಉಪಕರಣಗಳು 20ನೆಯ ಶತಮಾನದವು. ಪದ ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಸಂಬಂಧವಿಲ್ಲದ ಎರಡು ಸೌಂಡ್‌ಗಳು ಒಂದೇ ಯಂತ್ರದಲ್ಲಿ ಎದುರುಬದುರಾದದ್ದು ಕೇವಲ ಆಕಸ್ಮಿಕ.

ಹವಾಮಾನ ಇಲಾಖೆಗಳು ಬಲೂನಿಗೆ ಕಟ್ಟಿ ಹಾರಿಸುವ ರೇಡಿಯೋಸೋಂಡ್ ಎಂಬ ಉಪಕರಣದ ಹೆಸರೂ ಈ ವಂಶದ್ದೇ. ಒಬ್ಬರ ಅಭಿಪ್ರಾಯವನ್ನು ಸೂಕ್ಷ್ಮವಾಗಿ ಕೆದಕಿ ತಿಳಿಯುವುದಕ್ಕೆ ‘ಸೌಂಡ್ ಔಟ್’ ಎನ್ನುವುದೂ ಈ ಗುಂಡು ಇಳಿಬಿಡುವ ಕೆಲಸದಿಂದಲೇ ಬಂದಿದೆ. ತಿಮಿಂಗಿಲ ‘ಸೌಂಡ್’ ಮಾಡಿತು ಎಂದಿದ್ದರೆ ಅದು ಆಳಕ್ಕೆ ಧುಮುಕಿತು ಎಂದರ್ಥ.

ಉತ್ತರ 3 (ಪದಮೂಲ)

ಒಂದು ಸಣ್ಣ ಸೇರ್ಪಡೆ. ಹಳೆಯ ಇಂಗ್ಲಿಷಿನಲ್ಲಿಯೇ ಆಳ ನೋಡುವ ಕೋಲಿಗೆ ‘ಸುಂಡ್’ ಸೇರಿದ ಹೆಸರೊಂದು ಇದ್ದುದರಿಂದ, ಆ ಫ್ರೆಂಚ್ ಪದವೂ ಜರ್ಮಾನಿಕ್ ಮೂಲದ್ದೇ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಲ್ಯಾಟಿನ್ ಮೂಲವನ್ನು ಹೇಳುವವರೂ ಇದ್ದಾರೆ. ಮೊದಲ ವಾದವೇ ನನಗೆ ಒಪ್ಪಿಗೆ, ಆಗ ಜಲಸಂಧಿಯೂ ಆಳವೂ ದಾಯಾದಿಗಳಾಗುತ್ತವೆ. ಸದ್ದಿನ ಸೌಂಡ್‌ಗೆ ಮಾತ್ರ ನಮಗೆ ಪರಿಚಿತವಾದ ನಂಟೊಂದಿದೆ: ಲ್ಯಾಟಿನ್ನಿನ ‘ಸೋನುಸ್’ ಮತ್ತು ಸಂಸ್ಕೃತದ ‘ಸ್ವನ’ ಒಂದೇ ಬೇರಿನವು. ನಮ್ಮ ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಬರುವ ‘ಸ್ವನಿಮ’ (ಪದದ ಅರ್ಥವನ್ನು ಬದಲಿಸಬಲ್ಲ ಧ್ವನಿಘಟಕ) ಎಂಬ ಪಾರಿಭಾಷಿಕದಲ್ಲಿ ಇರುವುದೂ ಅದೇ ಸ್ವನ.

ಪ್ರತಿಕ್ರಿಯೆ (ಕರಡುಪ್ರತಿ)

ಇಬ್ಬರಿಗೂ ಧನ್ಯವಾದಗಳು. ‘ಗುಂಡು ಇಳಿಬಿಟ್ಟು ನೋಡಿದಾಗ ಇಪ್ಪತ್ತು ಮಾರು ಆಳ ಸಿಕ್ಕಿತು’ ಎಂದು ತಿದ್ದಿದ್ದೇನೆ. ಫ್ಯಾದಮ್ ಪದದ ಮೂಲಾರ್ಥವೂ ಚಾಚಿದ ತೋಳುಗಳೇ ಎಂದು ನಿಘಂಟಿನಲ್ಲಿ ಕಂಡಿತು, ಆದ್ದರಿಂದ ಮಾರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಆದರೆ ಹನ್ನೊಂದನೆಯ ಪುಟದಲ್ಲಿ ‘ತಿಮಿಂಗಿಲವು ಭಾರಿ ಸದ್ದು ಮಾಡಿತು’ ಎಂದು ಬರೆದಿದ್ದೇನೆ, ಅದು ಕರಡು ತಿದ್ದಿದವರ ಕಣ್ಣಿಗೂ ಬಿದ್ದಿಲ್ಲ. ಅವರಿಗೆ ಗೊತ್ತಾಗುವ ಮೊದಲೇ ಅದನ್ನು ನೀರಿಗೆ ಇಳಿಸುತ್ತೇನೆ.