ಸೋಡಾ ಇನ್ನೊಂದೀಟ ಹಾಕ್ಲೇನ್ರಿ?

ಹುಬ್ಬಳ್ಳಿ ದುರ್ಗದಬೈಲ್, ಸಂಜಿ ಹೊತ್ತು. ಭಜಿ ಬಂಡಿ ಬಸಣ್ಣ, ಕಾಲೇಜಿನ್ಯಾಗ ರಸಾಯನಶಾಸ್ತ್ರ ಹೇಳೋ ಮಾಸ್ತರು, ಬೆಟಗೇರಿ ಕಡೆಯಿಂದ ಬಂದು ಲಾಂಡ್ರಿ ಇಟ್ಟ ಶಾಂತಕ್ಕ, ಮತ್ತ ಎಲ್ಲಾದಕ್ಕೂ ಬಾಯಿ ಹಾಕೋ ಮಂಜ.

ಮಂಜ: ಬಸಣ್ಣಾ, ಮಿರ್ಚಿ ಯಾಕೋ ಸೊರಗ್ಯಾವಲ್ಲೋ. ಇನ್ನೊಂದೀಟ ಸೋಡಾ ಒಗಿ, ಉಬ್ಬತಾವ.

ಬಸಣ್ಣ: ಒಗೀತೇನಿ, ಎಣ್ಣಿ ರೊಕ್ಕಾ ನೀ ಕೊಡು. ಕಿಲೋ ಕಡ್ಲಿ ಹಿಟ್ಟಿಗೆ ಒಂದು ಚಾ ಚಮಚಾ, 5 ಗ್ರಾಂ ದಾಟಬಾರದು. ದಾಟಿತೋ, ಒಳಗ ತೂತು ಜಾಸ್ತಿ, ತೂತಿನ ತುಂಬ ಎಣ್ಣಿ. ಹೊರಗ ಲಗೂನ ಕೆಂಪಗಾಗತೈತಿ, ಒಳಗ ಹಿಟ್ಟು ಹಸೀನ. ಮ್ಯಾಲೆ ಸಬಕಾರದ ರುಚಿ ಬ್ಯಾರೆ.

ಮಾಸ್ತರು: ಆ ರುಚಿ ಸುಳ್ಳಲ್ಲ. ಅಡಗಿ ಸೋಡಾ ಅಂದ್ರ ಸೋಡಿಯಂ ಬೈಕಾರ್ಬೊನೇಟ್. ಬಿಸಿ ತಾಗಿದ್ರ ಒಡದು ಇಂಗಾಲದ ಡೈಆಕ್ಸೈಡ್, ನೀರು ಬಿಡತೈತಿ, ಹಿಂದ ಉಳಿಯೂದು ಸೋಡಿಯಂ ಕಾರ್ಬೊನೇಟ್. ಶಾಂತಕ್ಕನ ಅಂಗಡ್ಯಾಗಿನ ಒಗಿಯೋ ಸೋಡಾ! 168 ಗ್ರಾಂ ಪೂರಾ ಒಡದ್ರ 106 ಗ್ರಾಂ ಅದ.

ಮಂಜ: ಅಂದ್ರ ಇಷ್ಟ ದಿನ ಭಜಿ ಜೋಡಿ ಒಗಿಯೋ ಸೋಡಾ ತಿಂದೀವಿ?

ಶಾಂತಕ್ಕ: ತಿಂದರೂ ನಿನ್ನ ನಾಲಿಗಿ ಸ್ವಚ್ಛ ಆಗಲಿಲ್ಲ ನೋಡು.

ಮಾಸ್ತರು: ಚಿಟಿಕಿ ಆದ್ರ ಹೊಟ್ಟ್ಯಾಗಿನ ಆಮ್ಲಕ್ಕ ಅದೇನ್ ಲೆಕ್ಕ ಇಲ್ಲ. ಹಿಟ್ಟಿಗೆ ಲಿಂಬಿ ಹಿಂಡಿದ್ರ ಮಾತ್ರ ಆಟಾನ ಬ್ಯಾರೆ. ಹುಳಿ ಇಲ್ಲದಾಗ ಎರಡ ಕಣ ಕೂಡಿ ಒಂದ ಕಣ ಗಾಳಿ ಕೊಡತಾವ. ಹುಳಿ ಸಾಕಷ್ಟ ಸಿಕ್ರ ಒಂದೊಂದೂ ತನ್ನ ಗಾಳಿ ತಾನ ಕೊಡತೈತಿ. ಅಷ್ಟ ಸೋಡಾ, ಡಬಲ್ ಗಾಳಿ.

ಬಸಣ್ಣ: ಖರೆ ಸರ, ಆದ್ರ ಲಿಂಬಿ ಬಿದ್ದ ಹಿಟ್ಟು ಕಾಯೂದಿಲ್ಲ. ಕಲಸಿದ ಕೂಡ್ಲೇ ಎಣ್ಣಿಗೆ ಬಿಡಬೇಕು. ಮುಂಜಾನೆ ಕಲಸಿ ಸಂಜಿಗೆ ಕರದ್ರ ಗಾಳಿ ಎಲ್ಲಾ ದುರ್ಗದಬೈಲ್ ಪಾಲು.

ಮಂಜ: ಮತ್ತ ಕೆಲವು ಕಡೆ ಭಜಿ ಮ್ಯಾಲೆ ಕೆಂಪ ಚುಕ್ಕಿ ಇರತಾವಲ್ಲ, ಖಾರಪುಡಿ ಏನು?

ಮಾಸ್ತರು: ಅರಷಿಣ. ಕ್ಷಾರ ಸೋಕಿದ್ರ ಹಳದಿ ಹೋಗಿ ಕೆಂಪಾಗತೈತಿ. ಅಲ್ಲೆ ಸೋಡಾ ಗಂಟ ಕಟ್ಟೇತಿ ಅಂತ ತಿಳಕೋ.

ಬಸಣ್ಣ: ಒಣಾ ಸೋಡಾ ಉದುರಿಸಿದ್ರ ಹಂಗ ಆಗೂದು. ಎರಡ ಚಮಚಾ ನೀರಾಗ ಕರಗಿಸಿ ಹಾಕಿ ಬಡೀಬೇಕು.

ಶಾಂತಕ್ಕ: ಅಂಗಿ ಮ್ಯಾಲಿನ ಅರಷಿಣಕ್ಕ ಸಬಕಾರ ಹಚ್ಚಿದ್ರೂ ಹಂಗ ಕೆಂಪಾಗತೈತಿ. ಗಿರಾಕಿ ಬಂದು ನನ್ನ ಮ್ಯಾಲೆ ಎಗರ್ತಾರ! ನಮ್ಮ ಗದಗ ಕಡೆ ಬೋರಿನ ನೀರಾಗಂತೂ ನೊರಿ ಸೈತ ಏಳೂದಿಲ್ಲ, ಬಿಳಿ ಗಸಿ ಏಳತೈತಿ. ಮದ್ಲ ಒಗಿಯೋ ಸೋಡಾ ಕರಗಿಸಿ ಹತ್ತ ನಿಮಿಷ ಬಿಟ್ಟು, ಆಮ್ಯಾಲ ಸಬಕಾರ. ಉಲ್ಟಾ ಮಾಡಿದ್ರ ಸಬಕಾರ ದಂಡ.

ಮಾಸ್ತರು: ನೀರಾಗಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕ ಕೂಡತೈತಿ, ಸಬಕಾರಕ್ಕ ಅಡ್ಡ ಬರೂದಿಲ್ಲ. ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇದ್ರ, 15 ಲೀಟರ್ ಬಕೀಟಿಗೆ 8 ಗ್ರಾಂ ಒಣಪುಡಿ. ಹರಳಾದ್ರ 22 ಗ್ರಾಂ, ಯಾಕಂದ್ರ 100 ಗ್ರಾಂ ಹರಳಿನ್ಯಾಗ 63 ಗ್ರಾಂ ಬರೇ ನೀರು.

ಮಂಜ: ಅಯ್ಯಯ್ಯ, ಕಿರಾಣಿ ಅಂಗಡಿಯಂವ ಹಾಲಿನವನ್ನೂ ಮೀರಿಸಿದ್ನಲ್ಲ!

ಶಾಂತಕ್ಕ: ಡಬ್ಬಿ ಬಾಯಿ ತಗದಿಟ್ರ ಆ ನೀರು ಹಾರಿ ಬಿಳಿ ಪುಡಿ ಆಗತೈತಿ. ಆಗ ಚಮಚಾ ಲೆಕ್ಕ ಕಮ್ಮಿ ಮಾಡ್ಕೋಬೇಕು, ಇಲ್ಲಂದ್ರ ಕೈ ಉರೀತಾವ. ಇಳಕಲ್ ಸೀರಿ ರೇಷ್ಮಿ ಶೆರಗಿಗೆ ಮಾತ್ರ ಮುಟ್ಟಸಬ್ಯಾಡ, ಕ್ಷಾರ ರೇಷ್ಮಿ ತಿಂತೈತಿ.

ಬಸಣ್ಣ: ಹಿಂಡಾಲಿಯಂ ಬಾಣಲಿಗೂ ಹಾಕಬಾರದು. ಜಿಡ್ಡ ಹೋಗ್ಲಿ ಅಂತ ಕುದಿಸಿದ್ರ ಕರ್ರಗಾಗಿ ಕೂಡತೈತಿ.

ಮಾಸ್ತರು: ಮ್ಯಾಲಿನ ಆಕ್ಸೈಡ್ ಪದರು ಕರಗಿ ಲೋಹಾನ ಸವೀತೈತಿ. ಏಳೋ ಗುಳ್ಳಿ ಜಿಡ್ಡಿಂದಲ್ಲ, ಹೈಡ್ರೋಜನ್.

ಮಂಜ: ಬಚ್ಚಲ ಕಟ್ಟಿದ್ರ ಅಡಗಿ ಸೋಡಾ, ವಿನೆಗರ್ ಕೂಡಿಸಿ ಸುರೀರಿ ಅಂತ ಮೊಬೈಲ್‌ನ್ಯಾಗ ತೋರಸ್ತಾರಲ್ರಿ. ಭುಸ್ ಅಂತೈತಿ!

ಮಾಸ್ತರು: ಭುಸ್ ಅಂದದ್ದ ಬಂತು. ಆಮ್ಲ, ಕ್ಷಾರ ಒಂದನ್ನೊಂದು ಕೊಂದು ಉಳಿಯೂದು ಸೋಡಿಯಂ ಅಸಿಟೇಟ್ ನೀರು. ಜಿಡ್ಡಿಗೆ ಅದೇನೂ ಮಾಡೂದಿಲ್ಲ. ಬಿಸಿನೀರಾಗ ಒಗಿಯೋ ಸೋಡಾ ಕರಗಿಸಿ ಸುರಿ, ಜಿಡ್ಡು ಬಿಡತೈತಿ.

ಮಂಜ: ಹಂಗಾರ ಸಂಡಾಸಕ್ಕ ಬ್ಲೀಚೂ ಆಸಿಡ್ಡೂ ಕೂಡಿಸಿದ್ರ ಡಬಲ್ ಸ್ವಚ್ಛ?

ಮಾಸ್ತರು: ಲೇ! ಬ್ಲೀಚಿನ ನೀರು ಅಂದ್ರ ಸೋಡಿಯಂ ಹೈಪೋಕ್ಲೋರೈಟ್. ಆಸಿಡ್ ಬಿದ್ರ ಕ್ಲೋರಿನ್ ಗಾಳಿ ಏಳತೈತಿ, ಎದಿ ಸುಡತೈತಿ. ಸಂಡಾಸ ಸ್ವಚ್ಛ ಆದೀತು, ತೊಳದಂವ ಹೊರಗ ಬರಬೇಕಲ್ಲ?

ಮಂಜ: ಬಾಗಲಾ ತಗದಿಡ್ಲೇನ್ರಿ?

ಶಾಂತಕ್ಕ: ಬಾಗಲಾ ತಗದಿಡು, ಒಂದು ಬಾಟ್ಲಿ ಮುಚ್ಚಿಡು.