ಪದಚರ್ಚೆ: ‘ಅಕ್ಲೂಷನ್’ಗೆ ಕನ್ನಡದಲ್ಲಿ ಯಾವ ಪದ? ದವಡೆಕೀಲು ನೋವಿನ ಸಂದರ್ಭದಲ್ಲಿ

ಮಾನ್ಯ ಸದಸ್ಯರಿಗೆ ನಮಸ್ಕಾರ.

ದವಡೆಯ ಕೀಲು ನೋಯುತ್ತದೆಂದು ಬರುವ ರೋಗಿಗಳಿಗೆ ಕೊಡಲು ದಂತವೈದ್ಯೆಯಾದ ನನ್ನ ಗೆಳತಿಯೊಬ್ಬರು ನಾಲ್ಕು ಪುಟದ ಒಂದು ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದಿದ್ದು, ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರ ಮೊದಲ ಪುಟದಲ್ಲೇ ಬರುವ ‘ಅಕ್ಲೂಷನ್’ ಎಂಬ ಪದದ ಬಳಿ ನಾನು ಎರಡು ವಾರದಿಂದ ನಿಂತಿದ್ದೇನೆ. ಬಾಯಿ ಮುಚ್ಚಿದಾಗ ಮೇಲಿನ ಸಾಲಿನ ಹಲ್ಲುಗಳ ಮೇಲೆ ಕೆಳಗಿನ ಸಾಲಿನ ಹಲ್ಲುಗಳು ಹೇಗೆ ಬಂದು ಕೂರುತ್ತವೆ ಎಂಬುದು ಅದರ ಅರ್ಥ. ದಂತವೈದ್ಯರು ಮಾತಿನಲ್ಲಿ ಇದನ್ನೇ ‘ಬೈಟ್’ ಎನ್ನುತ್ತಾರೆ.

ಪದದ ಮೂಲ ‘ಮುಚ್ಚು’ ಎಂಬರ್ಥದ ಲ್ಯಾಟಿನ್ ಧಾತು. ರಕ್ತನಾಳ ಕಟ್ಟಿಕೊಂಡಾಗಲೂ ವೈದ್ಯರು ಇದೇ ಪದವನ್ನು ಬಳಸುವುದರಿಂದ, ನನಗಿಂತ ಮೊದಲು ಈ ಪತ್ರವನ್ನು ಅನುವಾದಿಸಲು ಹೊರಟವರು ‘ದಂತ ಅಡಚಣೆ’ ಎಂದು ಬರೆದಿದ್ದರು. ಅದನ್ನು ಓದಿದ ಹಿರಿಯರೊಬ್ಬರು ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕಿಕೊಳ್ಳುವುದರ ಬಗ್ಗೆ ಹೇಳುತ್ತಿದ್ದಾರೆಂದು ತಿಳಿದುಕೊಂಡರು. ಅವರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ನಾವು ಕೊಟ್ಟ ಪದದ್ದು.

‘ಬೈಟ್’ ಎಂಬುದನ್ನು ಹಿಡಿದು ‘ಕಚ್ಚು’ ಎನ್ನಬಹುದೆಂದು ಮೊದಲಿಗೆ ನನಗೂ ಅನಿಸಿತ್ತು. ‘ಕಡಿತ’ವಂತೂ ಸಾಧ್ಯವೇ ಇಲ್ಲ, ಏಕೆಂದರೆ ಅದು ಹಾವಿನದ್ದೋ ನಾಯಿಯದ್ದೋ ಸಂಬಳದ್ದೋ ಆಗಿರುತ್ತದೆ. ‘ಕಚ್ಚು’ ಕೂಡ ಏಕೆ ಆಗದು ಎಂಬುದು ನನಗೆ ಮನವರಿಕೆಯಾದದ್ದು ಗೆಳತಿಯ ಚಿಕಿತ್ಸಾ ಕೋಣೆಯಲ್ಲಿ. ಹಲ್ಲಿಗೆ ಹಲ್ಲು ಎಲ್ಲೆಲ್ಲಿ ತಾಗುತ್ತದೆಂದು ನೋಡಲು ಅವರು ಎರಡು ಸಾಲಿನ ನಡುವೆ ತೆಳುವಾದ ನೀಲಿ ಕಾಗದವೊಂದನ್ನು ಇಡುತ್ತಾರೆ. ತಾಗಿದ ಕಡೆಯಲ್ಲೆಲ್ಲ ನೀಲಿ ಚುಕ್ಕೆ ಬೀಳುತ್ತದೆ. ಅಂದು ಬಂದಿದ್ದ ಮಧ್ಯವಯಸ್ಸಿನ ಹೆಂಗಸಿಗೆ ಅವರು “ಕಚ್ಚಿ ಅಮ್ಮಾ” ಎಂದರು. ಆಕೆ ಕೆಳದವಡೆಯನ್ನು ಮುಂದಕ್ಕೆ ತಂದು, ಸೀಬೆಹಣ್ಣು ಕಚ್ಚುವವರಂತೆ, ಮುಂದಿನ ಹಲ್ಲುಗಳಿಂದ ಕಾಗದವನ್ನು ಹಿಡಿದರು. ಹಿಂದಿನ ಹಲ್ಲುಗಳಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ. “ಹಿಂದಿನ ಹಲ್ಲು ಕೂಡಿಸಿ” ಎಂದಾಗ ದವಡೆ ತಾನಾಗಿಯೇ ಹಿಂದಕ್ಕೆ ಸರಿದು ದವಡೆಹಲ್ಲುಗಳು ಒಂದರ ಮೇಲೊಂದು ಕುಳಿತವು, ಚುಕ್ಕೆಗಳು ಸ್ಪಷ್ಟವಾಗಿ ಮೂಡಿದವು. ಕನ್ನಡಿಗರು ಮುಂದಿನ ಹಲ್ಲಿನಿಂದ ಕಚ್ಚುತ್ತಾರೆ, ಹಿಂದಿನ ಹಲ್ಲಿನಿಂದ ಅಗಿಯುತ್ತಾರೆ, ಚಕ್ಕುಲಿಯಂಥ ಗಟ್ಟಿ ಪದಾರ್ಥವನ್ನು ಕಡಿಯುತ್ತಾರೆ. ಇಂಗ್ಲಿಷಿನ ಒಂದು ಪದ ಹೊತ್ತಿರುವ ಕೆಲಸವನ್ನು ನಮ್ಮಲ್ಲಿ ಮೂರು ಕ್ರಿಯಾಪದಗಳು ಹಂಚಿಕೊಂಡಿವೆ, ಮತ್ತು ಈ ಮೂರರಲ್ಲಿ ಯಾವುದೂ ಸುಮ್ಮನೆ ತಾಗಿ ಕೂರುವುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ‘ಕೂಡು’.

ಆದ್ದರಿಂದ ‘ಹಲ್ಲುಕೂಡಿಕೆ’ ಎಂಬ ಪದವನ್ನು ನಾನು ಸೂಚಿಸುತ್ತಿದ್ದೇನೆ. ‘ಹಲ್ಲುಜೋಡಣೆ’ ಎಂದರೆ ಕಟ್ಟುಹಲ್ಲು ಹಾಕಿಸುವುದೆಂದು ಜನ ತಿಳಿಯುತ್ತಾರೆ. ‘ಹೊಂದಿಕೆ’ ಚೆಲುವಾದ ಪದವೇ ಆದರೂ ಅದರೊಳಗೆ ‘ಸರಿಯಾಗಿದೆ’ ಎಂಬ ತೀರ್ಪು ಮೊದಲೇ ಕುಳಿತಿದೆ. ಕೂಡಿಕೆ ಹೇಗಿದ್ದರೂ ಕೂಡಿಕೆಯೇ: ಅಡ್ಡ ಕೂಡಿಕೆ (ಮೇಲಿನ ಹಲ್ಲು ಕೆಳಗಿನದರ ಒಳಬದಿಗೆ ಕೂರುವುದು), ಆಳ ಕೂಡಿಕೆ (ಮೇಲಿನ ಮುಂಹಲ್ಲುಗಳು ಕೆಳಗಿನವನ್ನು ಅತಿಯಾಗಿ ಮುಚ್ಚುವುದು), ಮುಂದಿನ ಹಲ್ಲುಗಳು ಕೂಡದೆ ತೆರೆದೇ ಉಳಿಯುವುದು, ಇವೆಲ್ಲವನ್ನೂ ಅದರಿಂದ ಹೇಳಬಹುದು. ‘ಕೂಡಿಕೆ ಮದುವೆ’ ಎಂಬ ಬಳಕೆ ಕೆಲವು ಕಡೆ ಇರುವುದನ್ನು ಬಲ್ಲೆ. ‘ಹಲ್ಲು’ ಜೊತೆಗಿರುವುದರಿಂದ ಗೊಂದಲವಾಗದೆಂದು ನಂಬಿದ್ದೇನೆ.

ನನ್ನ ನಿಜವಾದ ತೊಡಕು ಇದರ ಮುಂದಿನದು. ಹಲ್ಲುಗಳು ವಾಡಿಕೆಯಂತೆ ಕೂಡದಿರುವುದಕ್ಕೆ ಇಂಗ್ಲಿಷಿನಲ್ಲಿರುವ ‘ಮ್ಯಾಲೊಕ್ಲೂಷನ್’ (‘ಮ್ಯಾಲ್’ ಎಂದರೆ ಕೆಟ್ಟ) ಎಂಬುದನ್ನು ‘ದಂತ ಸಂಪರ್ಕ ದೋಷ’ ಎಂದೋ ‘ಕಚ್ಚುದೋಷ’ ಎಂದೋ ಬರೆಯಲು ಕೈ ತಾನಾಗಿ ಹೋಗುತ್ತದೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ಮೇಲಿನ ಮೊದಲ ದವಡೆಹಲ್ಲನ್ನು ಅಳತೆಗೋಲಾಗಿಟ್ಟು ಹಲ್ಲುಕೂಡಿಕೆಯನ್ನು ಮೂರು ವರ್ಗವಾಗಿ ವಿಂಗಡಿಸಿದ ಮೇಲೆ, ಆ ಆದರ್ಶದಿಂದ ಸರಿದದ್ದೆಲ್ಲ ‘ಮ್ಯಾಲ್’ ಆಯಿತು. ಆದರೆ ಆ ಆದರ್ಶಕ್ಕೆ ಪೂರ್ತಿ ಹೊಂದುವ ಬಾಯಿಗಳು ಕಡಿಮೆ, ಹೊಂದದೆಯೂ ಜೀವನವಿಡೀ ನೋವಿಲ್ಲದೆ ಉಂಡು ಮಾತಾಡಿಕೊಂಡಿರುವವರು ಬಹಳ. ‘ದೋಷ’ವೆಂದು ಬರೆದೊಡನೆ ಕನ್ನಡದ ಓದುಗರು ಅದಕ್ಕೊಂದು ಫಲವನ್ನೂ ಒಂದು ಪರಿಹಾರವನ್ನೂ ಹುಡುಕುತ್ತಾರೆ, ನಮ್ಮ ಭಾಷೆಯಲ್ಲಿ ದೋಷವೆಂಬುದು ಫಲ ಕೊಡದೆ ಸುಮ್ಮನಿರುವ ವಸ್ತುವಲ್ಲ.

ದವಡೆಕೀಲು ನೋವಿನ ವಿಷಯದಲ್ಲಿ ಇದು ಬರಿಯ ಪದದ ಸೂಕ್ಷ್ಮವಾಗಿ ಉಳಿಯುವುದಿಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಅವರು 11 ರೋಗಿಗಳನ್ನು ನೋಡಿ, ಹಿಂದಿನ ಹಲ್ಲುಗಳು ಬಿದ್ದು ದವಡೆ ಅತಿಯಾಗಿ ಮುಚ್ಚಿಕೊಳ್ಳುವುದರಿಂದ ಕೀಲು ಒತ್ತಿಕೊಂಡು ಕಿವಿಯ ಸುತ್ತ ನೋವು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬರುತ್ತದೆಂದು ಬರೆದರು. ಅವರು ಹೇಳಿದ ಅಂಗರಚನೆಯ ಕಾರಣ ಮುಂದೆ ನಿಲ್ಲಲಿಲ್ಲವಾದರೂ ‘ಕೂಡಿಕೆ ಸರಿಯಿಲ್ಲ, ಅದರಿಂದ ಕೀಲು ನೋವು’ ಎಂಬ ವಾಕ್ಯ ಉಳಿದುಕೊಂಡಿತು. ಹಲವು ದಶಕಗಳ ಕಾಲ ದಂತವೈದ್ಯರು ಕೂಡಿಕೆಯನ್ನು ಸರಿಪಡಿಸಲೆಂದು ಹಲ್ಲಿನ ಮೇಲ್ಮೈಯನ್ನು ತೇಯ್ದರು. ತೇಯ್ದ ಹಲ್ಲಿನ ಹೊರಪದರ ಮತ್ತೆ ಬೆಳೆಯುವಂಥದ್ದಲ್ಲ. ಹಲವು ಚಿಕಿತ್ಸಾ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ, 2003ರಲ್ಲಿ ಪ್ರಕಟವಾದ ಸಮೀಕ್ಷೆ, ಹೀಗೆ ತೇಯುವುದರಿಂದ ದವಡೆಕೀಲಿನ ತೊಂದರೆ ಗುಣವಾಗುತ್ತದೆಂದಾಗಲಿ ಬಾರದಂತೆ ತಡೆಯಬಹುದೆಂದಾಗಲಿ ಹೇಳಲು ಪುರಾವೆ ಸಿಗಲಿಲ್ಲವೆಂದಿತು. 2014ರಲ್ಲಿ ಹೊರಬಂದ, ಇಂದು ಸಂಶೋಧಕರು ಸಾಮಾನ್ಯವಾಗಿ ಅನುಸರಿಸುವ ರೋಗನಿರ್ಣಯದ ಮಾನದಂಡಗಳು ನೋವಿನ ಚರಿತ್ರೆಯನ್ನೂ, ಒತ್ತಿ ನೋಡಿದಾಗ ಎಲ್ಲಿ ನೋಯುತ್ತದೆಂಬುದನ್ನೂ, ಬಾಯಿ ಎಷ್ಟು ತೆರೆಯುತ್ತದೆಂಬುದನ್ನೂ ಕೇಳುತ್ತವೆ. ಹಲ್ಲುಕೂಡಿಕೆಯನ್ನು ಆಧಾರವಾಗಿ ಹಿಡಿಯುವುದಿಲ್ಲ.

ಹಾಗೆಂದು ಎರಡಕ್ಕೂ ನಂಟೇ ಇಲ್ಲವೆಂದು ಬರೆದರೂ ತಪ್ಪಾಗುತ್ತದೆ. ಮುಂದಿನ ಹಲ್ಲುಗಳು ಕೂಡದಿರುವುದು, ಒಂದೇ ಬದಿಯ ಅಡ್ಡ ಕೂಡಿಕೆ, ಹಿಂದಿನ ಹಲವು ಹಲ್ಲುಗಳು ಬಿದ್ದಿರುವುದು, ಇಂಥ ಕೆಲವು ಸ್ಥಿತಿಗಳು ಕೀಲಿನ ತೊಂದರೆಯಿರುವವರಲ್ಲಿ ತುಸು ಹೆಚ್ಚಾಗಿ ಕಂಡಿವೆ. ಆದರೆ ಕೆಲವೊಮ್ಮೆ ಹಾದಿ ತಿರುಗುಮುರುಗು: ಕೀಲಿನ ಮೂಳೆಯ ತುದಿ ಸವೆದು ಗಿಡ್ಡವಾದರೆ, ಅಥವಾ ಕೀಲಿನಲ್ಲಿ ಉರಿಯೂತವಾಗಿ ಊದಿಕೊಂಡರೆ, ನಿನ್ನೆಯವರೆಗೆ ಸರಿಯಾಗಿ ಕೂಡುತ್ತಿದ್ದ ಹಲ್ಲುಗಳೇ ಇಂದು ಕೂಡದೆ ಹೋಗುತ್ತವೆ. ಅಂಥ ರೋಗಿ “ಹಲ್ಲು ಕೂಡ್ತಿಲ್ಲ, ಅದಕ್ಕೇ ನೋವು” ಎಂದು ಬಂದು ಕೂರುತ್ತಾರೆ, ಆದರೆ ಕೂಡದಿರುವುದು ಅಲ್ಲಿ ಕೀಲಿನ ಕಾಯಿಲೆಯ ಫಲ.

ಇಂಗ್ಲಿಷ್ ಮೂಲದಲ್ಲಿ ಇರುವುದು ‘ಸಂಬಂಧವಿದೆ’ ಎಂಬರ್ಥದ ಸಡಿಲವಾದ ಮಾತು. ಕನ್ನಡದಲ್ಲಿ ಅದನ್ನು ಸಹಜವಾಗಿ ಹೇಳಹೊರಟರೆ ‘ಇಂದ’ ಪ್ರತ್ಯಯ ಬಂದು ಕೂರುತ್ತದೆ, ಬಂದೊಡನೆ ಕಾರಣವನ್ನು ತೀರ್ಮಾನಿಸಿಬಿಡುತ್ತದೆ. ಮ್ಯಾಲೊಕ್ಲೂಷನ್ ಅನ್ನು ಸದ್ಯಕ್ಕೆ ‘ಓರೆ ಕೂಡಿಕೆ’ ಎಂದುಕೊಂಡರೆ, ‘ಓರೆ ಕೂಡಿಕೆಯಿಂದ ಕೀಲುನೋವು’ ಎಂದು ಓದಿದ ರೋಗಿ ಮರುದಿನವೇ ಹಲ್ಲು ತೇಯಿಸಿಕೊಳ್ಳಲು ಹೊರಡುತ್ತಾರೆ. ‘ಓರೆ ಕೂಡಿಕೆಯುಳ್ಳ ಕೆಲವರಲ್ಲಿ ಕೀಲುನೋವೂ ಇರುವುದುಂಟು’ ಎಂದು ಸಪ್ತಮಿಯಲ್ಲಿ ಬರೆದರೆ ವಾಕ್ಯ ಉದ್ದವಾಗುತ್ತದೆ, ಆದರೆ ಸುಳ್ಳಾಗುವುದಿಲ್ಲ. ನಾನು ಎರಡನೆಯದನ್ನೇ ಇಟ್ಟುಕೊಂಡಿದ್ದೇನೆ.

‘ದವಡೆನೋವು’ ಎಂದರೆ ನಮ್ಮ ಕಡೆ ದವಡೆಹಲ್ಲಿನ ನೋವೆಂದೇ ಅರ್ಥವಾದ್ದರಿಂದ ‘ದವಡೆಕೀಲು ನೋವು’ ಎಂದಿದ್ದೇನೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಕೀಲು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ಬೆರಳಿಗೇ ತಿಳಿಯುತ್ತದೆ. ಕೀಲಿನ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಬಿಲ್ಲೆ ಸ್ಥಾನ ತಪ್ಪಿದವರಲ್ಲಿ ಕೀಲು ಲಟಿಕೆ ಮುರಿದಂತೆ ಸದ್ದು ಮಾಡುತ್ತದೆ. ಆ ಸದ್ದಿಗೆ ‘ಲಟಿಕೆ’ ಎಂದೇ ಬರೆದಿದ್ದೇನೆ.

ಈಗ ನನಗೆ ಅತ್ಯಂತ ಮುಖ್ಯವೆನಿಸಿದ ಪದಕ್ಕೆ ಬರುತ್ತೇನೆ. ಇಡೀ ದಿನದಲ್ಲಿ ಹಲ್ಲಿಗೆ ಹಲ್ಲು ತಾಗುವುದು ಸುಮಾರು 20 ನಿಮಿಷ ಮಾತ್ರ ಎಂದೂ, ಉಳಿದ ಹೊತ್ತು ದವಡೆ ವಿರಮಿಸಿರುವಾಗ ಎರಡು ಸಾಲಿನ ನಡುವೆ 2ರಿಂದ 4 ಮಿಲಿಮೀಟರ್ ತೆರವಿರುತ್ತದೆಂದೂ ದಂತವೈದ್ಯಕೀಯ ಪಾಠಗಳು ಹೇಳುತ್ತವೆ. ಚಿಂತೆಯಲ್ಲಿರುವವರು, ತಡೆದುಕೊಂಡು ಬಾಳುವವರು, ತಮಗೇ ಅರಿವಿಲ್ಲದೆ ಆ ತೆರವನ್ನು ಮುಚ್ಚಿ ದವಡೆಯ ಸ್ನಾಯುಗಳನ್ನು ಗಂಟೆಗಟ್ಟಲೆ ಬಿಗಿಹಿಡಿದಿರುತ್ತಾರೆ. ಹಲ್ಲುಗಳ ಆಕಾರಕ್ಕಿಂತ ಈ ಬಿಗಿತ, ನಿದ್ದೆ, ಮನಸ್ಸಿನ ಒತ್ತಡ ಇವುಗಳ ಕಡೆಗೇ ಇಂದಿನ ವೈದ್ಯರು ಹೆಚ್ಚು ಗಮನ ಕೊಡುತ್ತಾರೆ. ಇಂಗ್ಲಿಷಿನ ‘ಕ್ಲೆಂಚಿಂಗ್’ಗೆ ಪದ ಹುಡುಕುತ್ತಿದ್ದ ನನಗೆ ‘ಅವುಡುಗಚ್ಚು’ ನೆನಪಾದಾಗ ಆದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳಲೇಬೇಕು. ‘ಅವುಡುಗಚ್ಚಿ ಸಹಿಸಿಕೊಂಡಳು’ ಎಂದು ನಾವು ಈಗಲೂ ಬರೆಯುತ್ತೇವೆ. ದವಡೆಯ ಬಿಗಿತವನ್ನೂ ಮನಸ್ಸಿನ ಬಿಗಿತವನ್ನೂ ಅದು ಒಂದೇ ಉಸಿರಿಗೆ ಹೇಳುತ್ತದೆ. ‘ಕಚ್ಚು’ ಇಲ್ಲಿ ‘ಗಚ್ಚು’ವಾಗಿ ತನ್ನ ಸರಿಯಾದ ಜಾಗಕ್ಕೆ ಬಂದಿದೆ.

ಗೆಳತಿ ರೋಗಿಗಳಿಗೆ ಬಾಯಿಪಾಠ ಮಾಡಿಸುವ ಸೂಚನೆಯನ್ನು “ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ” ಎಂದು ಕನ್ನಡಿಸಿದ್ದೇನೆ. ಅಲ್ಲಿಯೂ ‘ಕೂಡು’ ಒದಗಿತು.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಹೀಗಿವೆ. ‘ಅವುಡು’ ಎಂದರೆ ದವಡೆಯೆಂದೂ ಕೆಳತುಟಿಯೆಂದೂ ಅರ್ಥ ಕೊಡುವುದುಂಟು. ನಿಮ್ಮ ಊರಿನ ಆಡುಮಾತಿನಲ್ಲಿ ಅದು ‘ಗಚ್ಚು’ವಿನ ಹೊರಗೆ ತನ್ನಷ್ಟಕ್ಕೆ ಬಳಕೆಯಲ್ಲಿದೆಯೇ, ಇದ್ದರೆ ಯಾವ ಅರ್ಥದಲ್ಲಿ? ‘ಹಲ್ಲುಕೂಡಿಕೆ’ ಎಂದರೆ ಉತ್ತರ ಕರ್ನಾಟಕದ ಮತ್ತು ಕರಾವಳಿಯ ಓದುಗರಿಗೆ ಹಲ್ಲು ತಾಗಿ ಕೂರುವುದೆಂದೇ ತಿಳಿಯುತ್ತದೆಯೇ? ಕೊನೆಯದಾಗಿ, ‘ಮ್ಯಾಲೊಕ್ಲೂಷನ್’ಗೆ ನಾನು ಸದ್ಯಕ್ಕೆ ‘ಓರೆ ಕೂಡಿಕೆ’ ಎಂದಿಟ್ಟಿದ್ದೇನೆ, ಆದರೆ ಎಲ್ಲ ಬಗೆಯೂ ಓರೆಯಾಗಿರುವುದಿಲ್ಲ. ‘ದೋಷ’ವೆನ್ನದೆ, ‘ಕೆಟ್ಟ’ ಎನ್ನದೆ, ವಾಡಿಕೆಗಿಂತ ಬೇರೆಯಾಗಿದೆ ಎಂಬುದನ್ನಷ್ಟೇ ಹೇಳುವ ಒಂದು ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಪತ್ರ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನವಿದೆ.