ಪದಚರ್ಚೆ: ‘ಫಾಸಿಲ್ ವುಡ್ ಪಾರ್ಕ್’ಗೆ ಕನ್ನಡದಲ್ಲಿ ಏನು? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಶಾಲೆಯ ಮಕ್ಕಳನ್ನು ಪುದುಚೇರಿಗೆ ಪ್ರವಾಸ ಕರೆದೊಯ್ಯುತ್ತಿದ್ದೇವೆ. ಜೊತೆಗೆ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈ ನೋಡುವುದಿದೆ. ಅಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ ಮರಗಳು ಕಲ್ಲಾಗಿ ಬಿದ್ದಿವೆ. ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಕಾಪಾಡಿಕೊಂಡು ಬಂದಿರುವ ಜಾಗ. ಕರಪತ್ರದಲ್ಲಿ ‘ರಾಷ್ಟ್ರೀಯ ಕಾಷ್ಠ ಜೀವಾವಶೇಷ ಉದ್ಯಾನ’ ಅಂತ ಹಾಕಿದ್ದೆ. ಏಳನೇ ಕ್ಲಾಸಿನ ಹುಡುಗಿ ಓದಲು ತಡವರಿಸಿದಳು. ‘ಕಲ್ಲುಮರದ ತೋಪು’ ಆಗಬಹುದಾ? ನಾಳೆ ಮಧ್ಯಾಹ್ನ ಅಚ್ಚಿಗೆ ಕೊಡಬೇಕು.

—

ಕಲ್ಲುಮರ ಬೇಡ. ಕಲ್ಲುಹೂವು ಅಂದರೆ ಕಲ್ಲಿನ ಮೇಲೆ ಬೆಳೆಯುವುದು. ಕಲ್ಬಾಳೆಯೂ ಬಂಡೆಗಳ ನಡುವೆ ಬೆಳೆಯುವ ಕಾಡುಬಾಳೆ. ಕಲ್ಲುಮರ ಅಂದರೆ ಬಂಡೆ ಮೇಲಿನ ಮರ ಅಂತ ಮಕ್ಕಳು ತಿಳಿಯುತ್ತಾರೆ.

ಫಾಸಿಲ್‌ಗೆ ‘ಹಳೆಯುಳಿಕೆ’ ಅಂತ ಬರೆಯಿರಿ. ‘ಪಳೆಯುಳಿಕೆ’ ಅಲ್ಲ. ‘ಹಳೆಯ’ ಎಂಬರ್ಥದ ಹಳಗನ್ನಡದ ‘ಪೞ’ದಲ್ಲಿ ೞ ಹೋಗಿ ಳ ಬಂತು, ಪ ಹೋಗಿ ಹ ಬಂತು. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಇಟ್ಟುಕೊಂಡ ಪದ ಅದು. ಇದನ್ನು ಎಷ್ಟು ಸಲ ಹೇಳಬೇಕು?

—

ಕಲ್ಲುಸಕ್ಕರೆಯನ್ನು ಮರೆತಿರಿ. ಅದು ಕಲ್ಲಿನಂತೆ ಗಟ್ಟಿಯಾದ ಸಕ್ಕರೆ. ಕಲ್ಲುಮರವೂ ಹಾಗೇ ನಿಲ್ಲುತ್ತದೆ. ಕಲ್ಮಠದ ಹಾಗೆ ‘ಕಲ್ಮರ’ ಅಂದರೆ ಇನ್ನೂ ಚೆನ್ನ. ತಮಿಳರು ‘ಕಲ್ಮರಂ’ ಅನ್ನುತ್ತಾರೆ. ಹಾಗಂತ ಎರವಲು ಅನ್ನಬೇಡಿ, ಕಲ್ಲೂ ಮರವೂ ನಮ್ಮವೇ ಅಲ್ವಾ? ಇಂಗ್ಲಿಷಿನ ಫಾಸಿಲ್ಲೇ ಲ್ಯಾಟಿನ್ನಿನಿಂದ ಬಂದದ್ದು. ‘ಅಗೆದು ತೆಗೆದದ್ದು’ ಅಂತ ಅದರ ಮೂಲ ಅರ್ಥ. ಪಳೆಯುಳಿಕೆ ಮಕ್ಕಳ ಪಾಠದಲ್ಲೇ ಇದೆ. ಬಳಕೆಗೆ ಬಂದ ಪದವನ್ನು ಸುಮ್ನೆ ಕೆದಕಬೇಡಿ.

ಆದರೆ ತೋಪು ಬೇಡವೇ ಬೇಡ. ತೋಪು ಅಂದರೆ ಮರಗಳು ಅಲ್ಲೇ ಬೆಳೆದವು ಅಂತಾಗುತ್ತದೆ. ಅಲ್ಲಿನ ಕಾಂಡಗಳಿಗೆ ಬೇರೂ ಇಲ್ಲ, ಕೊಂಬೆಯೂ ಇಲ್ಲ. ಅವು ಬೇರೆಲ್ಲೋ ಬೆಳೆದು, ನೆರೆಯಲ್ಲಿ ಕೊಚ್ಚಿ ಬಂದು, ಮರಳಿನಡಿ ಹೂತುಹೋದವು ಅನ್ನುತ್ತಾರೆ ಭೂವಿಜ್ಞಾನಿಗಳು. ನೀರಲ್ಲಿ ಕರಗಿದ್ದ ಸಿಲಿಕಾ ಎಂಬ ಖನಿಜ ನಿಧಾನಕ್ಕೆ ಒಳಗಿಳಿದು ಮರದ ಜಾಗ ತುಂಬಿತು. ಅದಕ್ಕೇ ಅದರ ಎಳೆಗಳು ಕಲ್ಲಲ್ಲಿ ಈಗಲೂ ಕಾಣುತ್ತವೆ. ಪಾರ್ಕ್ ಅಂತಲೇ ಇಡಿ.

—

ತುಂಬಾ ಉಪಕಾರವಾಯಿತು. ‘ರಾಷ್ಟ್ರೀಯ ಕಲ್ಮರ ಪಾರ್ಕ್’ ಅಂತ ಹಾಕುತ್ತೇನೆ. ಒಳಗೆ ‘ಮರದ ಪಳೆಯುಳಿಕೆ’ ಅಂತ ಬಿಡಿಸಿ ಹೇಳುತ್ತೇನೆ. ನೆರೆಯ ವಿಷಯ ಕರಪತ್ರದಲ್ಲಿ ಇರಲಿಲ್ಲ, ಈಗ ಸೇರಿಸಿದೆ.

—

‘ರಾಷ್ಟ್ರೀಯ’ ಸಂಸ್ಕೃತ, ‘ಪಾರ್ಕ್’ ಇಂಗ್ಲಿಷ್. ಮೂರರಲ್ಲಿ ಕನ್ನಡ ಒಂದೇ. ನಾನು ಒಪ್ಪುವುದಿಲ್ಲ. ಪ, ಹ ಬಗ್ಗೆ ನಾಳೆ ಬೇರೆ ಓಲೆ ಬರೆಯುತ್ತೇನೆ.